ಯಾರಿಗೆ ಮಣೆ?

60 ತುಂಬಿದ ತಿಂಗಳು ನನ್ನ ಕೈಗೆ ಎರಡು ಬಂದವು. ಒಂದು, ಬ್ಯಾಂಕಿನಿಂದ ನಿವೃತ್ತಿಯ ದುಡ್ಡು. ಇನ್ನೊಂದು, ಹೊಸದಾಗಿ ರಿನ್ಯೂ ಆದ ಡ್ರೈವಿಂಗ್ ಲೈಸೆನ್ಸು. ದುಡ್ಡನ್ನು ಹೆಂಡತಿ ಅವತ್ತೇ ಎಫ್‌ಡಿ ಮಾಡಿಸಿದಳು. ಲೈಸೆನ್ಸು ಮಾತ್ರ ನನ್ನ ಹತ್ತಿರ ಉಳಿಯಿತು. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಲೈಸೆನ್ಸ್ ರಿನ್ಯೂಗೆ 40 ದಾಟಿದವರು ಡಾಕ್ಟರ ಕೈಲಿ ಫಾರಂ 1ಎ ಬರೆಸಿಕೊಂಡು ಹೋಗಬೇಕು. ಡಾಕ್ಟರು ಕಣ್ಣು ನೋಡಿದರು, ಕಿವಿ ನೋಡಿದರು. "ಮಂಡಿ ನೋವು ಏನಾದ್ರೂ ಇದೆಯಾ?" ಅಂದರು. "ಛೆ ಛೆ, ಇಲ್ಲವೇ ಇಲ್ಲ" ಅನ್ನುತ್ತಾ ಕುರ್ಚಿಯಿಂದ ಎದ್ದೆ. ಮಂಡಿ ಲಟಕ್ ಅಂದಿತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಪುಣ್ಯಕ್ಕೆ ಆ ಫಾರಂನಲ್ಲಿ ಸದ್ದಿಗೆ ಕಾಲಂ ಇಲ್ಲ.

ಹೊಸ ಲೈಸೆನ್ಸ್ ಬಂದಾಗ ನೋಡುತ್ತೇನೆ, ಬರೀ ಐದು ವರ್ಷ. 55 ದಾಟಿದವರಿಗೆ ಕೊಡುವುದೇ ಅಷ್ಟು. ಹಾಲಿನ ಪ್ಯಾಕೆಟ್ ಮೇಲೆ ಹಾಕುತ್ತಾರಲ್ಲ, ಹಾಗೆ ನನ್ನ ಮೇಲೂ ತಾರೀಕು ಹಾಕಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ. ಮನಸ್ಸಿನಲ್ಲಿದ್ದ ಗಾಡಿ ಆಸೆಗಳೆಲ್ಲ ಕ್ಯೂನಲ್ಲಿ ಬಂದು ನಿಂತವು. ಎಣಿಸಿದರೆ ಎರಡೇ. ಒಂದು ಬೈಕು, ಒಂದು ಎರಡು ಸೀಟಿನ ಸ್ಪೋರ್ಟ್ಸ್ ಕಾರು.

ಬೈಕಿನದು ಹಳೇ ಕಥೆ. ನಾನು ಮೈಸೂರಿನವನು. ಯಾದವಗಿರಿಯಲ್ಲಿ ನಮ್ಮದೇ ಊರಿನ ಜಾವಾ ಫ್ಯಾಕ್ಟರಿ ಇತ್ತು. 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವು. ಊರಿನಲ್ಲಿ ಮೈಸೂರ್ ಪಾಕ್ ತಿಂದವರಷ್ಟೇ ಜನ ಯೆಜ್ಡಿ ಹಿಂದಿನ ಸೀಟಿನಲ್ಲಿ ಕೂತವರೂ ಇದ್ದರು. 1987ರಲ್ಲಿ, ಕೆಲಸ ಸಿಕ್ಕ ಹೊಸದರಲ್ಲಿ, ನಾನೊಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ರೋಡ್‌ಕಿಂಗ್ ಕೊಂಡೆ. 250 ಸಿಸಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಎರಡಿದ್ದರೂ ಸೈಲೆನ್ಸ್ ಇರಲಿಲ್ಲ. ನಾನು ಬೀದಿ ತುದಿಗೆ ಬರುವಷ್ಟರಲ್ಲಿ ಅಮ್ಮ ಕಾಫಿಗೆ ಹಾಲು ಇಡುತ್ತಿದ್ದಳು. ಅದರ ಕಿಕ್ಕರೇ ಗೇರ್ ಲಿವರ್ರು. ಕಿಕ್ ಹೊಡೆದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್. ಒಂದೇ ಸೌಟಿನಲ್ಲಿ ಸಾರೂ ಬಡಿಸಿ ಪಾಯಸವೂ ಬಡಿಸುವ ಏರ್ಪಾಡು.

1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಅದೇ ವರ್ಷ ನಾನೂ ಗಾಡಿ ಮಾರಿದೆ. ಎರಡಕ್ಕೂ ಸಂಬಂಧ ಇಲ್ಲ. ಮಗ ಹುಟ್ಟಿದ್ದ, ಪೆಟ್ರೋಲಿಗೆ ಆಯಿಲ್ ಬೆರೆಸುವ ಕೈಗೆ ಬಾಟಲಿ ಹಾಲು ಬೆರೆಸುವ ಕೆಲಸ ಬಂದಿತ್ತು, ಅಷ್ಟೆ.

ಕಾರಿನ ಆಸೆ ಅಂಟಿದ್ದು ಆಮೇಲೆ. 90ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಅಂತ ಒಂದು ಪುಟ್ಟ ಕಾರು ಬಂದಿತ್ತು. ನಮ್ಮ ದೇಶದಲ್ಲೇ ಮಾಡಿದ್ದು. ಎರಡೇ ಸೀಟು, ಫೈಬರ್ ಬಾಡಿ, ತೆರೆದಿಡುವ ಟಾಪು. ಒಂದು ಸಲ ಸಿಗ್ನಲ್‌ನಲ್ಲಿ ನನ್ನ ಸ್ಕೂಟರಿನ ಪಕ್ಕ ಬಂದು ನಿಂತಿತು. ನನ್ನ ಮುಂದೆ ಮಗ ನಿಂತಿದ್ದ, ಹಿಂದೆ ಹೆಂಡತಿ, ಅವಳ ತೊಡೆ ಮೇಲೆ ಗೋಧಿ ಹಿಟ್ಟಿನ ಡಬ್ಬ. ಎರಡೇ ಸೀಟಿನ ಗಾಡಿ ಯಾಕೆ ಇಷ್ಟವಾಯಿತು ಅಂತ ಜಾಸ್ತಿ ವಿವರಿಸಬೇಕಾಗಿಲ್ಲ.

ಮೊದಲ ಪರೀಕ್ಷೆ ಬೈಕಿನದು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ಇಟ್ಟುಕೊಂಡವರೆಲ್ಲ ಸೇರುತ್ತಾರೆ. ನಾನೂ ಹೋದೆ. ಕೆಂಪು ಬಣ್ಣದ ಒಂದು ರೋಡ್‌ಕಿಂಗ್ ನೋಡಿ ಕಣ್ಣು ಒದ್ದೆಯಾಯಿತು. ಅದರ ಓನರ್ ಇಪ್ಪತ್ತರ ಹುಡುಗ. "ಒಂದು ಕಿಕ್ ಹೊಡೀಲಾ?" ಅಂದೆ. "ಆರಾಮಾಗಿ ಹೊಡೀರಿ ಅಂಕಲ್" ಅಂದ.

ಪಂಚೆ ಕಟ್ಟಿ ಕುಸ್ತಿಗೆ ಇಳಿದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ಕಿಕ್ ಹೊಡೆದೆ. ಏನೂ ಇಲ್ಲ. ಎರಡು, ಮೂರು, ಐದು. ಜನ ಸೇರಿದರು. ಒಬ್ಬರು "ಚೋಕ್ ಕೊಡಿ" ಅಂದರು. ಇನ್ನೊಬ್ಬರು "ಚೋಕ್ ಜಾಸ್ತಿ ಆಯ್ತು" ಅಂದರು. ಹನ್ನೊಂದನೇ ಕಿಕ್ಕಿಗೆ ಕಿಕ್ಕರ್ ವಾಪಸ್ ಬಂದು ಮೊಣಕಾಲಿಗೆ ಒಂದು ಕೊಟ್ಟಿತು. ಆಗ ಆ ಹುಡುಗ ಬಂದು ಬಗ್ಗಿ ನೋಡಿ ಮೆಲ್ಲಗೆ ಹೇಳಿದ. "ಅಂಕಲ್, ಪೆಟ್ರೋಲ್ ಟ್ಯಾಪ್ ಆನ್ ಮಾಡಿಲ್ಲ."

ಅವನು ಟ್ಯಾಪ್ ತಿರುಗಿಸಿ, ನನ್ನ ಕಡೆ ನೋಡಿಕೊಂಡೇ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದ. ನನ್ನನ್ನು ಶಾಮಿಯಾನದ ಕೆಳಗೆ ಕೂರಿಸಿದರು. ಅಲ್ಲಿ ನನ್ನ ವಯಸ್ಸಿನವರು ಏಳೆಂಟು ಜನ ಇದ್ದರು. ಕಾರ್ಬೊರೇಟರ್ ಬಗ್ಗೆ ಮಾತಾಡುತ್ತಿರಬಹುದು ಅಂದುಕೊಂಡೆ. ಹರಳೆಣ್ಣೆ ಒಳ್ಳೇದೋ ನೀಲಗಿರಿ ಎಣ್ಣೆಯೋ ಅಂತ ಚರ್ಚೆ ನಡೆದಿತ್ತು. ಅವರಲ್ಲೊಬ್ಬರು ಮೆಕ್ಯಾನಿಕ್. ನನ್ನ ಮಂಡಿ ಮಡಿಸಿ ಬಿಚ್ಚಿ ನೋಡಿ, "ಸಾರ್, ಇದು ಹಳೇ ಇಂಜಿನ್ ಥರ ರೀಬೋರಿಗೆ ಬಂದಿದೆ" ಅಂದರು.

ಸರಿ, ಹಾಗಾದರೆ ಕಾರು. ಕಾರಿನಲ್ಲಿ ಕಿಕ್ ಹೊಡೆಯುವ ಹಾಗಿಲ್ಲ. ಸುಮ್ನೆ ಕೂರಬೇಕು.

ನನ್ನ ಸಹಪಾಠಿ ಒಬ್ಬ ವ್ಯಾಪಾರದಲ್ಲಿ ದುಡ್ಡು ಮಾಡಿ ಎರಡು ಸೀಟಿನ ಜರ್ಮನ್ ಕಾರು ಇಟ್ಟಿದ್ದಾನೆ. ಬೆಂಗಳೂರಿನಲ್ಲಿ ಇನ್ನೊಬ್ಬ ಗೆಳೆಯನ ಮಗಳ ಮದುವೆ. "ನನ್ ಜೊತೆ ಬಾರೋ, ಓಡಿಸಿ ನೋಡುವಂತೆ" ಅಂದ. ಸೀಟು ಎರಡೇ ಆದ್ದರಿಂದ ನಮ್ಮಿಬ್ಬರ ಹೆಂಡತಿಯರೂ ರೈಲಿನಲ್ಲಿ ಹೊರಟರು.

ಕಾರಿನ ಬಾಗಿಲು ತೆಗೆದು ಸೀಟು ಎಲ್ಲಿದೆ ಅಂತ ಹುಡುಕಿದೆ. ಅದು ಕೆಳಗಿತ್ತು. ರಸ್ತೆಯಿಂದ ಒಂದಡಿ ಎತ್ತರ ಇದ್ದರೆ ಹೆಚ್ಚು. ಹಿಂದೆ ತಿರುಗಿ, ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ ಬಿದ್ದೆ. ಬಿದ್ದ ಜಾಗವೇ ಸೀಟು. ಕಾಲುಗಳನ್ನು ಕೈಯಲ್ಲಿ ಎತ್ತಿ ಒಳಗೆ ಇಟ್ಟುಕೊಂಡೆ. ನೆಲದ ಪಂಕ್ತಿ ಊಟಕ್ಕೆ ಕೂತ ಹಾಗೆ ಆಯಿತು. ಎದುರಿಗೆ ಎಲೆಯೊಂದು ಕಮ್ಮಿ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿಲೋಮೀಟರು. ಕಾರಿನ ಮೀಟರಿನಲ್ಲಿ 300ರ ತನಕ ಅಂಕಿ ಇದೆ. ರಸ್ತೆಯಲ್ಲಿ ಮಿತಿ 100. ಮೇಲೆ ಕ್ಯಾಮೆರಾಗಳು ಬೇರೆ. 300ರ ಮೀಟರಿನಲ್ಲಿ ಮುಳ್ಳು 95ರ ಹತ್ತಿರ ತೂಕಡಿಸುತ್ತಾ ಹೋಯಿತು. ಒಂದು ಹಳೇ ಮಾರುತಿ ನಮ್ಮನ್ನು ಹಿಂದೆ ಹಾಕಿತು. ಅದರ ಹಿಂದಿನ ಸೀಟಿನಲ್ಲಿದ್ದ ಅಜ್ಜಿ ನಮ್ಮ ಕಡೆ ಬಗ್ಗಿ ನೋಡಿದರು. ಅಷ್ಟು ಕೆಳಗೆ ಇಬ್ಬರು ಗಂಡಸರು ಏನು ಮಾಡುತ್ತಿದ್ದಾರೆ ಅಂತ ಅವರಿಗೆ ಅನಿಸಿರಬೇಕು.

"ಮದ್ದೂರಲ್ಲಿ ವಡೆ ತಿನ್ನೋಣ" ಅಂದೆ. "ಮದ್ದೂರು ಹೋಗಿ ಹತ್ತು ನಿಮಿಷ ಆಯ್ತು ಕಣೋ" ಅಂದ. ಹೊಸ ರಸ್ತೆ ಊರುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಹೋಗುತ್ತದೆ. ಅಷ್ಟು ದುಡ್ಡು ಕೊಟ್ಟು ಕಾರು ಕೊಂಡು ವಡೆ ಇಲ್ಲ ಅಂದರೆ ಹೇಗೆ? ತೆರಿಗೆ ಬೇರೆ ಕೇಳಿದೆ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸೇ ಶೇ 18. 80 ಲಕ್ಷದ ಕಾರಿಗೆ 14 ಲಕ್ಷದ ಮೇಲೆ. ಬರೀ ಆ ತೆರಿಗೆಯಲ್ಲಿ ಮದ್ದೂರಿನವರಿಗೆಲ್ಲ ವಡೆ ಕೊಡಿಸಬಹುದು.

ಬೆಂಗಳೂರು ಮುಟ್ಟಿದ ಮೇಲೆ ಹಂಪ್‌ಗಳು ಶುರುವಾದವು. ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯೇ ಇದೆ. 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಮೃದುವಾಗಿ ಹತ್ತಿ ಇಳಿಯುವ ದಿಬ್ಬ. ಛತ್ರದ ರಸ್ತೆಯಲ್ಲಿ ಹಂಪ್ ಹಾಕಿದವರು ಆ ಪುಸ್ತಕ ಓದಿದ ಹಾಗೆ ಕಾಣಲಿಲ್ಲ. ಸಮಾಧಿ ಕಟ್ಟಿದ ಹಾಗೆ ಕಟ್ಟಿದ್ದರು. ಮೊದಲನೆಯದಕ್ಕೆ ಕಾರಿನ ಹೊಟ್ಟೆ ಕರ್ರ್ ಅಂತ ಉಜ್ಜಿತು. ಗೆಳೆಯನ ಮುಖ ನೋಡಬೇಕಿತ್ತು, ಅವನ ಹೊಟ್ಟೆಯೇ ಉಜ್ಜಿದ ಹಾಗೆ. "ಮಗಾ, ಸ್ವಲ್ಪ ಇಳಿದುಬಿಡು, ಭಾರ ಕಮ್ಮಿ ಆಗುತ್ತೆ" ಅಂದ. ಆ ರಸ್ತೆಯಲ್ಲಿ ಐದು ಹಂಪ್. ಇಳಿಯೋದು, ನಡೆಯೋದು, ಮತ್ತೆ ಬೀಳೋದು. ಮೂರನೇ ಸಲಕ್ಕೆ ನಾನು ಹತ್ತೋದೇ ಇಲ್ಲ ಅಂದೆ. ಅವನು ಬಿಡಲಿಲ್ಲ. "ಛತ್ರದ ಮುಂದೆ ಕಾರಲ್ಲೇ ಇಳೀಬೇಕು ಕಣೋ. ಅದಕ್ಕೇ ತಾನೇ ಕಾರು ಇರೋದು?"

ಇಳಿದೆ. ಅದನ್ನು ಇಳಿಯುವುದು ಅನ್ನುವುದೇ ತಪ್ಪು. ಆ ಕಾರಿನಿಂದ ಏರಬೇಕು. ಛತ್ರದ ಬಾಗಿಲಲ್ಲಿ ಪನ್ನೀರು ಹಿಡಿದ ಹುಡುಗಿಯರು, ಹೆಣ್ಣಿನ ತಂದೆ, ಬೀಗರು. ನಮ್ಮ ಕಾರಿನ ಗುಡುಗು ಕೇಳಿ ವಾಲಗದವರು ಗಂಡೇ ಬಂದ ಅಂದುಕೊಂಡು ಊದೋಕೆ ಶುರು ಮಾಡಿದರು. ಎಲ್ಲರೂ ನೋಡುತ್ತಿದ್ದಾರೆ. ಎಡಗಾಲು ಹೊರಗಿಟ್ಟೆ. ಬಲ ಮಂಡಿ ಹಿಡಿದುಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕೊನೆಗೆ ಎರಡೂ ಕೈ ನೆಲಕ್ಕೆ ಊರಿದೆ. ದೇಹ ತಾನಾಗಿಯೇ ಮುಂದಕ್ಕೆ ಬಂತು. ಸರಿಯಾಗಿ ಗಂಡಿನ ಸೋದರಮಾವನ ಕಾಲ ಬುಡದಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿದ್ದೆ.

"ಅಯ್ಯಯ್ಯೋ, ಏನಿದು ಸ್ವಾಮಿ, ನೀವು ದೊಡ್ಡವರು!" ಅಂತ ಅವರು ಹಿಂದೆ ಹಾರಿದರು. ಆಮೇಲೆ ಗಾಬರಿಯಲ್ಲಿ "ದೀರ್ಘಾಯುಷ್ಮಾನ್ ಭವ" ಅಂದೂ ಬಿಟ್ಟರು. ಅವರಿಗೆ 45 ಇರಬಹುದು. ನಮಗಿಂತ ಮೊದಲೇ ಬಂದು ತಿಂಡಿ ಮುಗಿಸಿದ್ದ ಹೆಂಡತಿ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದ್ದಳು.

ಮಧ್ಯಾಹ್ನ ಊಟಕ್ಕೆ ನೆಲದ ಪಂಕ್ತಿಯೂ ಇತ್ತು, ಟೇಬಲ್ಲೂ ಇತ್ತು. ನಾನು ಯಾರ ಕಡೆಯೂ ನೋಡದೆ ಟೇಬಲ್ ಕಡೆ ನಡೆದೆ. ಪಕ್ಕದಲ್ಲಿ ಕೂತ ಹೆಂಡತಿ ಎಲೆಗೆ ನೀರು ಚಿಮುಕಿಸುತ್ತಾ, "ನೆಲದ ಮೇಲೆ ಪುಕ್ಕಟೆ ಕೂರೋಕ್ಕಾಗಲ್ಲ ಅಂತ ಟೇಬಲ್ಲಿಗೆ ಓಡಿ ಬರ್ತೀರಿ. ಅದೇ ನೆಲದ ಮೇಲೆ ಕೂರೋಕೆ ಎಫ್‌ಡಿ ಮುರಿಸ್ತೀರಾ?" ಅಂದಳು. ಸಾರು ಬಡಿಸುವವನೂ ನಕ್ಕ. ಕಾರಿನ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಸುಮ್ಮನಿರುತ್ತೇನೆ ಅಂದುಕೊಂಡಿದ್ದೆ. ಮದುವೆಯಿಂದ ಬಂದ ಮೂರನೇ ವಾರ ಅವಳೇ ಹೇಳಿದಳು. "ರೀ, ಆ ಯೆಜ್ಡಿ ಮತ್ತೆ ಬಂದಿದೆಯಂತಲ್ಲ. ಬಟನ್ ಒತ್ತಿದ್ರೆ ಸ್ಟಾರ್ಟ್ ಆಗುತ್ತಂತೆ. ನೋಡ್ಕೊಂಡು ಬರೋಣ." ನನಗೆ ನಂಬಿಕೆ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಆ ಹಿಂದಿನ ಸೀಟಿನಲ್ಲಿ ಕೂತು ಚಾಮುಂಡಿ ಬೆಟ್ಟ ಸುತ್ತಿದ್ದನ್ನು ನಾನೊಬ್ಬನೇ ನೆನಪಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ.

ಹೆಸರು 2022ರಲ್ಲೇ ವಾಪಸ್ ಬಂದಿತ್ತು. ಶೋರೂಂ ಹುಡುಗ ನನ್ನನ್ನು ನೋಡಿ "ಮಗನಿಗಾ ಸಾರ್?" ಅಂದ. "ಇಲ್ಲಪ್ಪ, ಯಜಮಾನರಿಗೆ" ಅಂತ ಅವಳೇ ಹೇಳಿದಳು. ಮೈಲೇಜು, ಟಾರ್ಕು, ಏನನ್ನೂ ಕೇಳಲಿಲ್ಲ. ಸೀರೆ ಸೆರಗು ಸಿಕ್ಕಿಸಿಕೊಂಡು ಮೂರು ಸಲ ಹತ್ತಿದಳು, ಮೂರು ಸಲ ಇಳಿದಳು. "ಈಗ ನೀವು" ಅಂದಳು. ನಾನು ಶೋರೂಂನ ಕಂಬ ಹಿಡಿದುಕೊಂಡು ಹತ್ತಿದೆ. ಸಲೀಸಾಯಿತು. ದಾರಿಯಲ್ಲಿ ಕಂಬ ಇರುವುದಿಲ್ಲ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಬೈಕು ಮನೆಗೆ ಬಂದ ಮೊದಲ ಭಾನುವಾರವೇ ಮದ್ದೂರಿಗೆ ಹೊರಟೆವು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶ ಇಲ್ಲ, ಆಟೋ ಟ್ರ್ಯಾಕ್ಟರ್‌ಗಳಿಗೂ ಇಲ್ಲ. ನಾವೆಲ್ಲ ಸರ್ವಿಸ್ ರಸ್ತೆಯ ಬಂಧುಗಳು. ಮಂಡ್ಯದ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಅರ್ಧ ಗಂಟೆ ಹೋದೆವು. ಅವಸರ ಯಾರಿಗಿತ್ತು? ಹೆಂಡತಿ ಕೈ ಚಾಚಿ ಒಂದು ಕಬ್ಬಿನ ಗರಿಯನ್ನೂ ಕಿತ್ತುಕೊಂಡಳು. ಮದ್ದೂರು ಈ ಸಲ ತಪ್ಪಿಸಿಕೊಳ್ಳಲಿಲ್ಲ. ಅಂಚು ಗರಿಗರಿ, ಮಧ್ಯೆ ಈರುಳ್ಳಿ, ಪಕ್ಕದಲ್ಲಿ ಚಟ್ನಿ. ನಾಲ್ಕು ವಡೆ ಆದವು.

ಆ ನಾಲ್ಕನೇ ವಡೆಯದೇ ತಪ್ಪಿರಬೇಕು. ಹೊರಗೆ ಬಂದು ಹತ್ತಲು ಹೋದರೆ ಕಾಲು ಸೀಟಿನ ತನಕ ಏಳುತ್ತಿಲ್ಲ. ಎರಡೇ ಇಂಚು ಕಮ್ಮಿ. ಬೈಕನ್ನು ವಾಲಿಸಿ ನೋಡಿದೆ, ಅದು ಪೂರ್ತಿಯೇ ವಾಲುವುದರಲ್ಲಿತ್ತು. ಹೋಟೆಲಿನವರೊಬ್ಬರು ಕರುಣೆಯಿಂದ ಒಳಗಿನಿಂದ ಒಂದು ಮರದ ಮಣೆ ತಂದು ಹಾಕಿದರು. ಮಣೆ ಮೇಲೆ ನಿಂತೆ, ಕಾಲು ಎತ್ತಿದೆ, ಕೂತೆ. ಅಷ್ಟೇ ಸಾಕಾಗಿತ್ತು ನೋಡಿ.

ಮನೆಗೆ ಬಂದು ಅಟ್ಟದಿಂದ ನಮ್ಮದೇ ಊಟದ ಮಣೆ ಇಳಿಸಿದೆವು. ನೆಲದ ಪಂಕ್ತಿ ನಿಂತ ಮೇಲೆ ಅದಕ್ಕೂ ಕೆಲಸ ಇರಲಿಲ್ಲ. ಮೊದಲ ದಿನ ಇಬ್ಬರೂ ಹತ್ತಿ ಕೂತ ಮೇಲೆ ಮಣೆ ಕೆಳಗೇ ಉಳಿಯಿತು. ಅದನ್ನು ಎತ್ತಿಕೊಳ್ಳಲು ಒಬ್ಬರು ಇಳಿಯಬೇಕು, ಇಳಿದವರು ಹತ್ತಲು ಮಣೆ ಬೇಕು. ಹತ್ತು ನಿಮಿಷ ಬೀದಿಯಲ್ಲಿ ಇದೇ ಚರ್ಚೆ ನಡೆಯಿತು. ಈಗ ಹೆಂಡತಿ ಮಣೆಗೆ ಒಂದು ಹಗ್ಗ ಕಟ್ಟಿದ್ದಾಳೆ. ಕೂತ ಮೇಲೆ ಬಾವಿಯಿಂದ ಕೊಡ ಸೇದಿದ ಹಾಗೆ ಸರಸರ ಎಳೆದು, ಹಿಂದಿನ ಕ್ಯಾರಿಯರಿಗೆ ಸಿಕ್ಕಿಸುತ್ತಾಳೆ.

ಮೊನ್ನೆ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಹುಡುಗನೊಬ್ಬ ನಮ್ಮ ಹೆಲ್ಮೆಟ್ ನೋಡಿದ, ಬೈಕು ನೋಡಿದ, ಹಿಂದೆ ನೇತಾಡುತ್ತಿದ್ದ ಮಣೆ ನೋಡಿದ.

"ಅಂಕಲ್, ಎಲ್ಲಿ ಊಟ?" ಅಂದ.