ಡ್ರಮ್ ಎಷ್ಟು ನಿಮಿಷ ತಿರುಗುತ್ತೆ ಅನ್ನೋ ಲೆಕ್ಕ ಬಿಡಿ

ಗಾಳದ ದಾರ ಸುತ್ತಿಡೋ ಸೆಂಟರ್‌ಪಿನ್ ರೀಲಿನ ವಿಡಿಯೋಗಳಲ್ಲಿ ಕಾಣೋದು ಹೆಚ್ಚಾಗಿ ಒಂದೇ ದೃಶ್ಯ. ದಾರ ಸುತ್ತದ ಖಾಲಿ ಡ್ರಮ್ಮನ್ನು ಬೆರಳಿಂದ ಜೋರಾಗಿ ತಳ್ಳಿ ಸ್ಟಾಪ್‌ವಾಚ್ ಹಿಡಿಯೋದು. ಹೆಚ್ಚು ಹೊತ್ತು ತಿರುಗಿದ್ದು ಗೆದ್ದಿತು. ಹೀಗೆ ನೋಡಿದ್ರೆ ಸಣ್ಣ ಬಾಲ್‌ಗಳ ಮೇಲೆ ತಿರುಗೋ ಬೇರಿಂಗ್ ಮುಂದೆ, ಬರೀ ಲೋಹದ ಕೊಳವೆಯಾದ ಬುಷ್ ಪ್ರತಿ ಸಲ ಸೋಲುತ್ತೆ. ನನ್ನ ಪ್ರಕಾರ ಈ ಪರೀಕ್ಷೆ ಗಾಳ ಹಾಕೋರಿಗೆ ಮೂರು ಕಾಸಿನ ಉಪಯೋಗವೂ ಇಲ್ಲದ್ದು. ಡ್ರಮ್ ಭಾರ ಇದ್ದಷ್ಟೂ ಫ್ಲೈವೀಲ್ ಥರ ತಿರುಗುತ್ತಲೇ ಇರುತ್ತೆ. ಅದೇ ಭಾರದ ಡ್ರಮ್ಮನ್ನು ಮಂದವಾಗಿ ಹರಿಯೋ ನೀರಲ್ಲಿ ಒಂದು ಪುಟ್ಟ ಬೆಂಡು ಎಳೆದು ಹೊರಡಿಸಬೇಕು ಅಂದಾಗ ಬಣ್ಣ ಬಯಲಾಗುತ್ತೆ.

ಈ ರೀಲಿಗೆ ಗೇರ್ ಇಲ್ಲ. ನಡುವೆ ಒಂದು ಉಕ್ಕಿನ ಸ್ಪಿಂಡಲ್ ಅಂದ್ರೆ ಅಚ್ಚಿನ ಕಡ್ಡಿ, ಅದರ ಮೇಲೆ ಡ್ರಮ್, ಅಷ್ಟೇ. ಬೆಂಡು ಹರಿವಿನ ಜೊತೆ ಹೋಗ್ತಾ ತಾನೇ ದಾರ ಬಿಚ್ಚಿಕೊಳ್ಳಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ನಿಂತ ಡ್ರಮ್ ಎಷ್ಟು ಸಣ್ಣ ಎಳೆತಕ್ಕೆ ಹೊರಡುತ್ತೆ?

ಲೆಕ್ಕ ಹಾಕಿ ನೋಡೋಣ. ಡ್ರಮ್ ತೂಕ 150 ಗ್ರಾಂ, ಸ್ಪಿಂಡಲ್ 5 ಮಿ.ಮೀ. ದಪ್ಪ, ದಾರ ಬಿಚ್ಚೋ ಜಾಗ ನಡುವಿನಿಂದ 45 ಮಿ.ಮೀ. ದೂರ ಅಂದುಕೊಳ್ಳಿ. ಎಣ್ಣೆ ಹಾಕಿದ ಕಂಚಿನ ಬುಷ್‌ನ ಘರ್ಷಣೆ ಗುಣಾಂಕ ಸುಮಾರು 0.1 ಅಂತ ಹಿಡಿದ್ರೆ, ಡ್ರಮ್ ಹೊರಡೋಕೆ ದಾರದಲ್ಲಿ 0.83 ಗ್ರಾಂ ಎಳೆತ ಬೇಕು. ಸ್ಪಿಂಡಲ್ಲನ್ನು 3 ಮಿ.ಮೀ.ಗೆ ಇಳಿಸಿದ್ರೆ ಸಾಕು, ಅದು 0.5 ಗ್ರಾಂಗೆ ಬರುತ್ತೆ. ಡ್ರಮ್ ಹಗುರ ಮಾಡಿದ್ರೆ ಇನ್ನೂ ಕಮ್ಮಿ. ಇಂಗ್ಲೆಂಡಿನ ರೆಡ್ಡಿಚ್‌ನ ಆಲ್ಕಾಕ್ ಕಂಪನಿಯ ಹಳೇ ಏರಿಯಲ್ ರೀಲುಗಳ ಡ್ರಮ್ಮನ್ನು ಸೈಕಲ್ ಚಕ್ರದ ಥರ ಕಡ್ಡಿ ಕೂರಿಸಿ ಕಟ್ಟಿದ್ದು ಬರೀ ಚಂದಕ್ಕಲ್ಲ. ಬೇರಿಂಗ್‌ನಲ್ಲಿ ಡ್ರಮ್ಮಿನ ಭಾರದಿಂದ ಬರೋ ತಡೆ ಇದರ ಹತ್ತಿರಕ್ಕೂ ಬರಲ್ಲ, ಲೆಕ್ಕಕ್ಕೇ ಇಲ್ಲ ಅನ್ನಬಹುದು. ಆದ್ರೆ ಅಲ್ಲಿ ತಡೆ ಬರೋದು ಬೇರೆ ದಾರಿಯಿಂದ: ಒಳಗಿನ ಗ್ರೀಸು, ಪಕ್ಕದ ರಬ್ಬರ್ ಸೀಲು.

‘ಬೇರಿಂಗ್ ರೀಲು ತಗೊಂಡೆ, ಬುಷ್‌ಗಿಂತ ಬಿಗಿ ಇದೆ’ ಅನ್ನೋರ ದೂರಿನ ಮೂಲ ಬಹುಪಾಲು ಇದೇ. ಸಣ್ಣ ಬೇರಿಂಗ್‌ಗಳು ಕಾರ್ಖಾನೆಯಿಂದ ಬರುವಾಗಲೇ ಗ್ರೀಸ್ ತುಂಬಿಕೊಂಡಿರೋದು ಮಾಮೂಲು. ಮೋಟರಿಗೆ ಅದು ಸರಿ, ಅರ್ಧ ಗ್ರಾಂ ಎಳೆತಕ್ಕೆ ಹೊರಡಬೇಕಾದ ಡ್ರಮ್ಮಿಗೆ ಅಲ್ಲ. ಸೀಲನ್ನು ಸೂಜಿಯಿಂದ ಅಂಚು ಹಿಡಿದು ಎಬ್ಬಿಸಿ, ಬೇರಿಂಗನ್ನು ಲೈಟರ್ ಪೆಟ್ರೋಲ್‌ನಲ್ಲಿ ಅಲ್ಲಾಡಿಸಿ ತೊಳೆಯಿರಿ. ಕೊಳೆ ಬರೋದು ನಿಲ್ಲೋವರೆಗೂ ಎರಡು ಮೂರು ಸಲ. ಪೂರ್ತಿ ಒಣಗಿದ ಮೇಲೆ ತೆಳು ಎಣ್ಣೆ ಒಂದೇ ಒಂದು ಹನಿ. ಎರಡನೇ ಹನಿ ಹಾಕಿದ್ರೆ ಮತ್ತೆ ಮೊದಲಿನ ಕಥೆ. ತೊಳೆದ ಬೇರಿಂಗ್ ಸ್ವಲ್ಪ ಗುಯ್‌ಗುಡುತ್ತೆ, ಗಾಬರಿ ಬೇಡ.

ತೊಳೆದ ಮೇಲೂ ಬಿಗಿ ಇದ್ರೆ ಡ್ರಮ್ಮನ್ನು ಸ್ಪಿಂಡಲ್‌ಗೆ ಹಿಡಿದಿಡೋ ತಿರುಪು ನೋಡಿ. ಸಡಿಲ ಇದ್ದಾಗ ಸಲೀಸು, ಬಿಗಿದ ಕೂಡ್ಲೇ ಹಿಡಿಯುತ್ತೆ ಅಂದ್ರೆ ಎರಡು ಬೇರಿಂಗ್ ನಡುವೆ ಅಂತರ ಕಾಯೋ ಕೊಳವೆ, ಅಂದ್ರೆ ಸ್ಪೇಸರ್, ಕೂದಲೆಳೆಯಷ್ಟು ಗಿಡ್ಡ ಇದೆ, ಒಳ ರೇಸ್‌ಗಳು (ಬಾಲ್ ಓಡೋ ಒಳಗಿನ ಉಂಗುರಗಳು) ಪಕ್ಕಕ್ಕೆ ಒತ್ತಿಕೊಳ್ತಿವೆ. ತಿರುಗಿಸುವಾಗ ಬೆರಳಿಗೆ ಗಂಟುಗಂಟಾಗಿ ಸಿಕ್ಕಿದ್ರೆ ರೇಸ್‌ನಲ್ಲಿ ಗುಳಿ ಬಿದ್ದಿದೆ: ಒಂದೋ ರೀಲು ಕಲ್ಲಿನ ಮೇಲೆ ಬಿದ್ದಿದೆ, ಇಲ್ಲ ಬೇರಿಂಗ್ ಕೂರಿಸುವಾಗ ಯಾರೋ ಒಳ ರೇಸ್ ಮೇಲೆ ಸುತ್ತಿಗೆ ಆಡಿಸಿದ್ದಾರೆ. ಡ್ರಮ್ಮಿನೊಳಗೆ ಕೂರಿಸುವಾಗ ಹೊರ ರೇಸನ್ನೇ ಒತ್ತಬೇಕು. ಗುಳಿ ಬಿದ್ದದ್ದನ್ನು ರಿಪೇರಿ ಮಾಡೋಕಾಗಲ್ಲ, ಎಸೆದು ಬೇರೆ ಹಾಕಿ. ಸೆರಾಮಿಕ್ ಬಾಲ್ ಅಂತ ದುಬಾರಿ ಬೆಲೆ ಕೊಡೋರಿಗೊಂದು ಮಾತು: ಬಾಲ್ ತುಕ್ಕು ಹಿಡಿಯಲ್ಲ ನಿಜ, ಅದು ಓಡೋ ರೇಸ್ ಉಕ್ಕಿನದೇ.

ಬುಷ್ ರೀಲಿನ ಜಾಣ್ಮೆ ಇರೋದು ತುದಿಯಲ್ಲಿ. ಒಳ್ಳೇ ಪಿನ್ ರೀಲಿನಲ್ಲಿ ಸ್ಪಿಂಡಲ್‌ನ ಚೂಪು ತುದಿ ಡ್ರಮ್ಮಿನ ಮೂತಿಯಲ್ಲಿರೋ ಒಂದು ಸಣ್ಣ ತಿರುಪಿಗೆ ತಾಗಿ ನಿಲ್ಲುತ್ತೆ. ರೀಲು ವಾಲಿದಾಗ ಡ್ರಮ್ಮಿನ ಅಡ್ಡ ಒತ್ತಡ ಆ ಚುಕ್ಕೆಯ ಮೇಲೆ ಬೀಳುತ್ತೆ. ಚುಕ್ಕೆಗೆ ಅಗಲ ಇಲ್ಲದ್ದರಿಂದ ತಡೆಯೂ ಹೆಸರಿಗಷ್ಟೇ. ತಿರುಪು ಜಾಸ್ತಿ ಹೊರಗೆ ಬಂದಿದ್ರೆ ಡ್ರಮ್ ಹಿಂದಕ್ಕೆ ಸರಿದು ಬೆನ್ನಿನ ತಟ್ಟೆಗೆ ಉಜ್ಜುತ್ತೆ. ಜಾಸ್ತಿ ಒಳಗೆ ಹೋಗಿದ್ರೆ ಡ್ರಮ್ ಮುಂದೆ ಬಂದು ತಟ್ಟೆಗೂ ಅದಕ್ಕೂ ನಡುವೆ ಸಂದು ಬಿಡುತ್ತೆ, ಆ ಸಂದಿನಲ್ಲಿ ದಾರ ನುಗ್ಗುತ್ತೆ. ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸ್ತಾ, ಪ್ರತಿ ಸಲ ಡ್ರಮ್ ಆಡಿಸಿ ನೋಡಿ.

ರಂಧ್ರಮಯ ಕಂಚಿನ ಬುಷ್ ಇದ್ರೆ ಅದನ್ನು ಪೆಟ್ರೋಲ್‌ನಲ್ಲಿ ಮುಳುಗಿಸಲೇಬೇಡಿ. ರಂಧ್ರದಲ್ಲಿ ಹೀರಿಕೊಂಡಿರೋ ಎಣ್ಣೆಯೇ ಅದರ ಜೀವ, ಅದೂ ತೊಳೆದು ಹೋಗುತ್ತೆ. ಬಟ್ಟೆಯಿಂದ ಒರೆಸಿ, ಸ್ಪಿಂಡಲ್ ಮೇಲೆ ಎಣ್ಣೆ ಸವರಿದ್ರೆ ಆಯ್ತು. ದಪ್ಪ ಎಣ್ಣೆ ಚಳಿಗೆ ಇನ್ನಷ್ಟು ದಪ್ಪಗಾಗಿ ಬುಷ್‌ನ ಸಣ್ಣ ಸಂದಿನಲ್ಲಿ ಅಂಟಿನ ಹಾಗೆ ಹಿಡಿಯುತ್ತೆ, ಹೊಲಿಗೆ ಯಂತ್ರದ ಎಣ್ಣೆಯಷ್ಟು ತೆಳು ಇರಲಿ.

ಮರಳು, ಕೆಸರಿನ ನೀರಿಗೆ ನನ್ನ ಓಟು ಬುಷ್‌ಗೆ. ಮರಳು ಹೊಕ್ಕರೆ ಡ್ರಮ್ ಎಳೆದು ಒರೆಸಿ ಮತ್ತೆ ಹಾಕೋದು ದಡದಲ್ಲೇ ನಿಂತು ಮಾಡೋ ಕೆಲಸ. ಗಾಳಿ ಜೋರಿದ್ದಾಗ ಬುಷ್‌ನ ಆ ಸಣ್ಣ ತಡೆಯೇ ವರ, ದಾರ ತಾನಾಗಿ ಬಿಚ್ಚಿ ಗೂಡು ಕಟ್ಟಲ್ಲ. 1 ಗ್ರಾಂನೊಳಗಿನ ಬೆಂಡು, ನಿಂತಂತಿರೋ ನೀರು ಅಂದ್ರೆ ಮಾತ್ರ ತೊಳೆದ ಬೇರಿಂಗ್ ಬೇಕೇ ಬೇಕು.

ಯಾವುದನ್ನೇ ಕೊಳ್ಳಿ, ಪರೀಕ್ಷೆ ಹೀಗೆ ಮಾಡಿ. ದಾರ ತುಂಬಿದ ರೀಲಿನಿಂದ ಅರ್ಧ ಮೀಟರ್ ದಾರ ನೇರ ಇಳಿಬಿಡಿ, ರಾಡಿನ ರಿಂಗ್ ಒಳಗೆ ಹಾಯಿಸಬೇಡಿ. ತುದಿಗೆ 0.4 ಗ್ರಾಂನ ಬಿಬಿ ಅಳತೆಯ ಗುಂಡು (ದಾರಕ್ಕೆ ಕಚ್ಚಿಸೋ ಸೀಳಿರೋ ಪುಟ್ಟ ತೂಕ) ಕಚ್ಚಿಸಿ. ಹೊರಡಲಿಲ್ಲ ಅಂದ್ರೆ 0.06 ಗ್ರಾಂನ 8ನೇ ನಂಬರ್ ಗುಂಡುಗಳನ್ನು ಒಂದೊಂದಾಗಿ ಸೇರಿಸ್ತಾ ಹೋಗಿ. ಡ್ರಮ್ ತಿರುಗಿಸೋ ಹಿಡಿ ಮೇಲಿದ್ದಾಗ, ಕೆಳಗಿದ್ದಾಗ, ಎರಡೂ ಪಕ್ಕದಲ್ಲಿದ್ದಾಗ, ಹೀಗೆ ನಾಲ್ಕು ಸಲ ನೋಡಿ. ಒಂದು ಕಡೆ ಸುಲಭಕ್ಕೆ ಹೊರಟು ಇನ್ನೊಂದು ಕಡೆ ಮೊಂಡು ಹಿಡಿದ್ರೆ ತಪ್ಪು ಬುಷ್‌ದೂ ಅಲ್ಲ, ಬೇರಿಂಗ್‌ದೂ ಅಲ್ಲ. ಹಿಡಿಗಳ ತೂಕ ಸಮ ಇಲ್ಲ.