ನಾಚಿಕೆಗೂ ಬೆಲೆ ಬಂತು

ನನ್ನ ಭಾವನವರಿಗೆ ಜಗತ್ಪ್ರಸಿದ್ಧ ಮಾಡೆಲ್ ಕೇಟ್ ಮಾಸ್‌ಳ ಕಥೆಯನ್ನು ಯಾರು ಹೇಳಿದರೋ, ಅವರ ವಿಳಾಸ ನನಗೆ ತುರ್ತಾಗಿ ಬೇಕಾಗಿದೆ. 1988ರಲ್ಲಿ, 14ರ ಹರೆಯದ ಆ ಇಂಗ್ಲಿಷ್ ಹುಡುಗಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಮಾಡೆಲಿಂಗ್ ಏಜೆನ್ಸಿಯವರ ಕಣ್ಣಿಗೆ ಬಿದ್ದಳು ಎಂದು ತಿಳಿದಾಗಿನಿಂದ, ಯಾವ ನೆಂಟರನ್ನು ಕರೆತರುವುದಿದ್ದರೂ ಅವರು ಮಗಳನ್ನು ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೊರಡಿಸುತ್ತಾರೆ. ನಿನ್ನೆ ಬರುವ ನೆಂಟರೂ ಇರಲಿಲ್ಲ. ಕಾರು ಓಡಿಸಲು ನನ್ನನ್ನು ಎಬ್ಬಿಸಿಕೊಂಡು ಹೋಗಿ, ಪ್ರಯಾಣಿಕರು ಹೊರಬರುವ ಬಾಗಿಲಿನೆದುರು ಆಕೆಯನ್ನು ನಿಲ್ಲಿಸಿ, ತಾವು ದೂರದಲ್ಲಿ ನಿಂತು ತಲೆ ಎತ್ತುವಂತೆ ಸನ್ನೆ ಮಾಡುತ್ತಿದ್ದರು. ಕಪ್ಪು ಕನ್ನಡಕದ ಒಬ್ಬರು ನೇರವಾಗಿ ಆಕೆಯತ್ತ ನಡೆದುಬಂದಾಗ ಭಾವ ತಮ್ಮ ಅಂಗಿಯ ಕಾಲರನ್ನು ಸರಿಪಡಿಸಿಕೊಂಡರು. ಬಂದವರು ಕೇಳಿದ್ದು, ಧಾರವಾಡಕ್ಕೆ ಬಸ್ಸು ಎಲ್ಲಿ ಸಿಗುತ್ತದೆ ಎಂದು. ಹುಡುಗಿ ಉತ್ತರಿಸದೆ ಟ್ರಾಲಿಗಳ ಸಾಲಿನ ಹಿಂದೆ ಅಡಗಿದಳು. ಪಾರ್ಕಿಂಗ್ ಹಣವನ್ನು ನಾನು ಕೊಟ್ಟೆ.

ಇದಕ್ಕೆಲ್ಲ ಮೂಲ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಕಂಡು ಮುಖ ಬಿಗಿದುಕೊಂಡ ನನ್ನ ಸೋದರ ಸೊಸೆ, ಜವಳಿ ಅಂಗಡಿಯೊಂದಕ್ಕೆ ಕ್ಯಾಟಲಾಗ್ ಮಾಡಿಕೊಡುವ ಫೋಟೊಗ್ರಾಫರನಿಗೆ ಹಿಡಿಸಿಬಿಟ್ಟಳು. "ನಾಕು ಮಂದಿ ಬಂದ್ರ ನಗಾಕ ಬರಂಗಿಲ್ಲ" ಎಂದು ಓಣಿಯ ಹೆಂಗಸರು ವರ್ಷಗಟ್ಟಲೆ ದೂರಿದ್ದ ಅದೇ ಮುಖ ಈಗ 'ಹೈ ಫ್ಯಾಷನ್ ಲುಕ್' ಎನಿಸಿಕೊಂಡಿತು. ಇಷ್ಟೆತ್ತರದವಳಿಗೆ ವರನನ್ನು ಎಲ್ಲಿ ಹುಡುಕುವುದೆಂದು ಕೊರಗುತ್ತಿದ್ದ ಅಕ್ಕ ಈಗ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಇನ್ನೂ ಅರ್ಧ ಇಂಚು ಬೆಳೆಯಲೆಂದು ಹಾರೈಸುತ್ತಾಳೆ. ದೀಪಿಕಾ ಪಡುಕೋಣೆಯವರು ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದವರೆಂದು ಗೊತ್ತಾದ ಕೂಡಲೇ ಭಾವ ರಾಕೆಟ್ ಸಹ ತಂದಿಟ್ಟಿದ್ದಾರೆ.

ಚಳಿಗಾಲದ ಉಡುಪುಗಳ ಫೋಟೊಗಳನ್ನು ಬೇಸಿಗೆಯಲ್ಲಿಯೇ ತೆಗೆಯುತ್ತಾರೆಂಬುದು ನನಗೆ ಗೊತ್ತಾದದ್ದು ಮೇ ತಿಂಗಳ ಹುಬ್ಬಳ್ಳಿಯ ಬಿಸಿಲಿನಲ್ಲಿ. ಆಕೆ ಉಣ್ಣೆಯ ಸ್ವೆಟರ್ ತೊಟ್ಟು ನಿಂತಿದ್ದಳು. ಅಳತೆಗೆ ದೊಡ್ಡದಾಗಿದ್ದ ಅದನ್ನು ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಬಿಗಿದಿದ್ದರು. ಮುಂದಿನಿಂದ ಶಿಮ್ಲಾ, ಹಿಂದಿನಿಂದ ನಮ್ಮ ಮನೆಯ ಹಿತ್ತಲು. ಬೆಳಕು ಮುಖಕ್ಕೆ ಬೀಳಲೆಂದು ಆಳೆತ್ತರದ ಥರ್ಮಾಕೋಲ್ ಹಲಗೆಯನ್ನು ಹಿಡಿದು ನಿಲ್ಲುವ ಕೆಲಸವನ್ನು ಸೋದರಮಾವನ ಕರ್ತವ್ಯವೆಂದು ನನಗೇ ಒಪ್ಪಿಸಲಾಯಿತು. ಸಂಭಾವನೆಯ ಮಾತು ಬಂದಾಗ ಆ ಕರ್ತವ್ಯದ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. "ನಗಬ್ಯಾಡವಾ, ಹಂಗ ಸಿಟ್ಟಿಲೆ ನಿಂದ್ರು" ಎಂದು ಫೋಟೊಗ್ರಾಫರ್ ಹೇಳುತ್ತಿದ್ದುದು ಆಕೆಗೆ. ಆ ಆದೇಶವನ್ನು ನಾನು ಯಾವ ಕಷ್ಟವೂ ಇಲ್ಲದೆ ಪಾಲಿಸುತ್ತಿದ್ದೆ.

ಪ್ರತಿ ಬಾರಿ ಕ್ಯಾಮೆರಾ ಬಿಡುವು ಕೊಟ್ಟಾಗಲೂ ಆಕೆ ಸರ್ರನೆ ಬಂದು ನನ್ನ ಹಲಗೆಯ ಹಿಂದೆ ನಿಂತುಬಿಡುತ್ತಿದ್ದಳು. ಚಿಕ್ಕವಳಿದ್ದಾಗ ಮನೆಗೆ ಯಾರೇ ಬಂದರೂ ನನ್ನ ಲುಂಗಿಯ ಹಿಂದೆ ಹೀಗೆಯೇ ನಿಲ್ಲುತ್ತಿದ್ದಳು. ಆಗ ಮೊಣಕಾಲೆತ್ತರ ಇದ್ದವಳು ಈಗ ನನಗಿಂತ ಎತ್ತರವಾಗಿದ್ದು, ಮರೆಯಾಗಲು ಬಗ್ಗಬೇಕಾಗಿತ್ತು. ಮೊಣಕೈ ನೋಯುತ್ತಿದ್ದರೂ ಆ ಹಲಗೆಯನ್ನು ಕೆಳಗಿಳಿಸಲು ಮನಸ್ಸಾಗಲಿಲ್ಲ.

ಈಗ ಚನ್ನಮ್ಮ ವೃತ್ತದ ಬಳಿ ಆಕೆಯ ದೊಡ್ಡ ಫಲಕ ನಿಂತಿದೆ. ಕಾಲೇಜಿನ ಬಸ್ಸು ಅಲ್ಲಿ ನಿಂತಾಗಲೆಲ್ಲ ಆಕೆ ದುಪಟ್ಟಾದಿಂದ ಮುಖ ಮುಚ್ಚಿಕೊಳ್ಳುತ್ತಾಳಂತೆ. ಈ ನಡುವೆ ಬೆಂಗಳೂರಿನ ಏಜೆನ್ಸಿಯೊಂದು ಮೇಕಪ್ ಇಲ್ಲದ ಫೋಟೊಗಳನ್ನೂ ಬರಿಗಾಲಿನ ಎತ್ತರವನ್ನೂ ಕೇಳಿದೆ. ಖಂಡಿತ ಒಲ್ಲೆನೆನ್ನುತ್ತಾಳೆಂದು ನಾನು ಭಾವಿಸಿದ್ದೆ. ಆಕೆ ಬಹಳ ಹೊತ್ತು ಯೋಚಿಸಿ, "ಮಾಮಾ, ಅಲ್ಲಿ ನಮ್ಮ ಗುರುತಿನವರು ಯಾರೂ ಇರಂಗಿಲ್ಲಲ್ಲ?" ಎಂದು ಕೇಳಿದಳು. ಇಲ್ಲವೆಂದೆ. ಹಾಗಾದರೆ ಹೋಗೋಣವೆಂದಳು.