ಕ್ಯಾನಿನ ತಳದಲ್ಲಿ ಕಬ್ಬು

ದೀಪಾವಳಿ ಹೊತ್ತಿಗೆ ತೋಟದ ಕಳೆ ಹೊಡೆದು ಪಂಪ್‌ಸೆಟ್ ಮನೆಯ ಮೂಲೆಗೆ ಒರಗಿಸಿದ್ದ ಬ್ರಷ್ ಕಟರನ್ನು ಯುಗಾದಿಗೆ ಇನ್ನೊಂದು ವಾರ ಇದೆ ಅನ್ನುವಾಗ ಹೊರಗೆ ತೆಗೆದೆ. ಪಕ್ಕದಲ್ಲೇ ಆಗಿನಿಂದ ಇದ್ದ ಪೆಟ್ರೋಲ್ ಕ್ಯಾನಿನಿಂದ ಟ್ಯಾಂಕ್ ತುಂಬಿಸಿ ಹಗ್ಗ ಎಳೆದೆ. ಚೋಕ್ ಹಾಕಿ ಎಳೆದೆ, ಚೋಕ್ ತೆಗೆದು ಎಳೆದೆ. ಭುಜದ ಕೀಲು ಕಳಚುವುದೊಂದು ಬಾಕಿ. ಮೈಸೂರಿನಿಂದ ವಾರಕ್ಕೊಂದು ದಿನ ಪಾಂಡವಪುರದ ಕಡೆ ತೋಟಕ್ಕೆ ಹೋಗುವ ನನ್ನಂಥ ಭಾನುವಾರದ ರೈತನಿಗೆ ಆ ಒಂದು ದಿನ ಕೈಬಿಟ್ಟರೆ ಮುಗಿಯಿತು. ಮುಂದಿನ ವಾರಕ್ಕೆ ಕಳೆ ಇನ್ನೊಂದು ಗೇಣು ಎದ್ದಿರುತ್ತೆ.

ಮೆಕ್ಯಾನಿಕ್ ಹತ್ತಿರ ಒಯ್ದೆ. ಆತ ಪ್ಲಗ್ ಬಿಚ್ಚಲಿಲ್ಲ, ಕಾರ್ಬೊರೇಟರ್ ಮುಟ್ಟಲಿಲ್ಲ. ಟ್ಯಾಂಕಿನಲ್ಲಿದ್ದುದನ್ನು ಒಂದು ಹಳೇ ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದ. ಮೇಲೆ ಹಸಿರು ಬಣ್ಣದ್ದು, ತಳದಲ್ಲಿ ಒಂದು ಬೆರಳಷ್ಟು ಮಂಕು ನೀರಿನಂಥದ್ದು. ಎರಡೂ ಬೇರೆ ಬೇರೆ ನಿಂತಿದ್ದವು.

"ಮೇಲಿರೋದು ಪೆಟ್ರೋಲು ಕಣಣ್ಣ. ಕೆಳಗೆ ಕುಂತಿರೋದು ನೀವು ಫ್ಯಾಕ್ಟ್ರಿಗೆ ಹಾಕಿದ್ರಲ್ಲ ಕಬ್ಬು, ಅದು" ಅಂದ.

ತಮಾಷೆಗೆ ಅಂದದ್ದು, ಆದರೆ ಪೂರ್ತಿ ಸುಳ್ಳಲ್ಲ. ಈಗ ಬಂಕ್‌ನಲ್ಲಿ ಹಾಕಿಸಿಕೊಳ್ಳುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್ ಅನ್ನುವ ಮದ್ಯಸಾರ. 2003ರಲ್ಲಿ ಶೇ 5ರಿಂದ ಶುರುವಾದದ್ದು 2022ರ ಜೂನ್‌ಗೆ ಶೇ 10 ಆಯಿತು. ಶೇ 20ರ ಗುರಿ ಮೊದಲು 2030ಕ್ಕೆ ಅಂತಿತ್ತು, 2025ರಲ್ಲೇ ಮುಟ್ಟಿಬಿಟ್ಟರು. ಕಬ್ಬಿನ ಹಾಲು, ಕಾಕಂಬಿ, ಮುಸುಕಿನ ಜೋಳ, ಅಕ್ಕಿ ಎಲ್ಲದರಿಂದಲೂ ಅದನ್ನು ತೆಗೆಯುತ್ತಾರೆ. 1930ರ ದಶಕದಿಂದ ಸಕ್ಕರೆ ಕಾರ್ಖಾನೆಯ ಹೊಗೆ ನೋಡಿಕೊಂಡು ಬಂದಿರುವ ಮಂಡ್ಯ ಜಿಲ್ಲೆಯವನಾಗಿ ನಾನು ಎಥನಾಲನ್ನು ಬೈಯುವುದಿಲ್ಲ. ಕಬ್ಬಿಗೆ ಇನ್ನೊಬ್ಬ ಗಿರಾಕಿ ಹುಟ್ಟಿದರೆ ನಮಗೇನು ಹೊಟ್ಟೆಯುರಿ? ನನ್ನ ತಕರಾರು ಬೇರೆ. ಪೆಟ್ರೋಲು ಬದಲಾಯಿತು, ಅದನ್ನು ಇಟ್ಟುಕೊಳ್ಳುವ ನಮ್ಮ ಪದ್ಧತಿ ಬದಲಾಗಲಿಲ್ಲ. ಮಿಷನ್ ಮಾರಿದ ಅಂಗಡಿಯವರು ಬ್ಲೇಡು, ಬೆಲ್ಟು, ಕನ್ನಡಕ ಎಲ್ಲ ತೋರಿಸಿದರು. ಪೆಟ್ರೋಲಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿ ಇದೆ: ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಇಂಧನ ಬೇಡ. ಬೇಡ ಅಂದರೆ ಎಲ್ಲಿಂದ ತರೋಣ ಸ್ವಾಮಿ?

ಎಥನಾಲಿಗೆ ನೀರಿನ ಮೇಲೆ ಭಾರೀ ಪ್ರೀತಿ. ಒಂದಷ್ಟು ನೀರನ್ನು ಅದು ಪೆಟ್ರೋಲಿನೊಳಗೇ ಕರಗಿಸಿ ಬಚ್ಚಿಟ್ಟುಕೊಳ್ಳುತ್ತೆ. ಅಳತೆ ಮೀರಿತೋ, ಪೆಟ್ರೋಲಿನ ಸಹವಾಸ ಬಿಟ್ಟು ನೀರಿನ ಕೈ ಹಿಡಿದು ತಳಕ್ಕಿಳಿಯುತ್ತೆ. ಮುಚ್ಚಳ ಬಿಗಿಯಾಗಿದ್ದರೆ ಗಾಳಿಯ ತೇವ ಒಂದರಿಂದಲೇ ಇಷ್ಟಾಗುವುದು ನಿಧಾನ. ನನ್ನ ಕ್ಯಾನಿನ ಕಥೆ ಹಾಗಲ್ಲ, ಅದರ ಮುಚ್ಚಳ ಅರ್ಧ ಸುತ್ತು ಸಡಿಲ ಇತ್ತು, ಅದರ ಮೇಲೆ ಶೀಟಿನ ತೂತು, ತೂತಿನ ಮೇಲೆ ಕಾರ್ತಿಕದ ಮಳೆ.

ಟ್ಯಾಂಕಿನೊಳಗೆ ಪೆಟ್ರೋಲ್ ಹೀರುವ ಪೈಪಿನ ತುದಿಗೆ ತೂಕದ ಫಿಲ್ಟರ್ ಇರುತ್ತಲ್ಲ, ಮಿಷನ್ ಹೇಗೆ ವಾಲಿಸಿದರೂ ಅದು ತಳದಲ್ಲೇ ಇರಬೇಕು ಅಂತ ಹಾಗೆ ಮಾಡಿದ್ದಾರೆ. ಅಂದರೆ ಇಂಜಿನ್ ಮೊದಲು ಕುಡಿಯುವುದೇ ತಳದ ನೀರು. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಮಿಷನ್ನಿಗೆ ಇದು ಇನ್ನೂ ಕೆಟ್ಟದ್ದು. ನಾವು ಬೆರೆಸಿದ ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ, ನೀರಿನ ಜತೆ ಇಳಿಯುವುದಿಲ್ಲ. ಆ ಎಣ್ಣೆಯಿಲ್ಲದ ದ್ರವದಲ್ಲಿ ಇಂಜಿನ್ ಹೇಗೋ ಓಡಿತು ಅನ್ನಿ, ಪಿಸ್ಟನ್ ಗೀರಿ ಸೀಜ್ ಆಗಿ ಕಚ್ಚಿಕೊಳ್ಳುತ್ತೆ. ಸ್ಟಾರ್ಟ್ ಆಗದೇ ಇದ್ದದ್ದೇ ನನ್ನ ಪುಣ್ಯ ಅಂತ ಆಮೇಲೆ ಗೊತ್ತಾಯಿತು.

ನೀರು ಸೇರದಿದ್ದರೂ ಇಟ್ಟ ಪೆಟ್ರೋಲು ಕೆಡುತ್ತೆ. ಬೇಗ ಹೊತ್ತುವ ಹಗುರ ಅಂಶ ಆವಿಯಾಗಿ ಹೋಗುತ್ತೆ, ಉಳಿದದ್ದು ಗಾಳಿ ಸೋಕಿ ಅಂಟಂಟಾಗಿ ಕಾರ್ಬೊರೇಟರಿನ ಕೂದಲೆಳೆ ತೂತುಗಳಲ್ಲಿ ಕೂರುತ್ತೆ. ಮೂಗಿಗೆ ಹಿಡಿದರೆ ವಾರ್ನಿಷ್ ವಾಸನೆ. ಹಳೇ ಮಿಷನ್ನುಗಳ ರಬ್ಬರ್ ಪೈಪು, ಒತ್ತಿ ಪೆಟ್ರೋಲ್ ಏರಿಸುವ ಆ ಮೆತ್ತನೆ ಗುಳ್ಳೆ, ಕಾರ್ಬೊರೇಟರಿನ ಒಳಪೊರೆ ಇವೆಲ್ಲ ಎಥನಾಲಿಗೆ ಉಬ್ಬಿ, ಆಮೇಲೆ ಬಿರುಕು ಬಿಡುತ್ತವೆ. ಹಾಗಾಗಿ ನಾನೀಗ ಒಂದು ತಿಂಗಳು ಅಂತ ಗಡುವು ಇಟ್ಟುಕೊಂಡಿದ್ದೇನೆ. ತಿಂಗಳಲ್ಲಿ ಮುಗಿಯುವಷ್ಟೇ ತರುವುದು, ಎರಡು ಲೀಟರ್ ಸಾಕು. ಐದು ಲೀಟರ್ ತಂದಿಟ್ಟರೆ ಮತ್ತೆ ಮತ್ತೆ ಬಂಕಿಗೆ ಹೋಗುವುದು ತಪ್ಪುತ್ತೆ ಅನ್ನುವ ಲೆಕ್ಕಾಚಾರ ಕಾರ್ಬೊರೇಟರ್ ಬಿಚ್ಚಿಸುವ ಕೂಲಿಯ ಮುಂದೆ ನಿಲ್ಲುವುದಿಲ್ಲ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೂ ಮಿಷನ್ ಓಡಿಸಿಯೇ ಎತ್ತಿಡುತ್ತೇನೆ.

ಹಾಗಾದರೆ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿದರೆ? ನಮ್ಮ ಭಾವಮೈದುನ ಹಾಗೇ ಮಾಡುತ್ತಾನೆ, ಮಿಷನ್ನಿಗೂ ಮಾನಮರ್ಯಾದೆ ಬೇಡವೇ ಅನ್ನುತ್ತಾನೆ. ಆಕ್ಟೇನ್ ಅಂದರೆ ಪೆಟ್ರೋಲು ಇಂಜಿನ್ನಿನೊಳಗೆ ಹೊತ್ತಿಗೆ ಮುಂಚೆ ತಾನಾಗಿ ಹೊತ್ತದಂತೆ ತಡೆಯುವ ಗುಣದ ಅಳತೆ, ಅದು ಹೆಚ್ಚಾದರೆ ಇಂಜಿನ್ನಿಗೆ ಬಲ ಬರುತ್ತೆ ಅನ್ನುವುದು ಭ್ರಮೆ. ಇಂಥ ಪುಟ್ಟ ಇಂಜಿನ್ ಕೇಳುವ ಆಕ್ಟೇನ್ ಮಾಮೂಲಿ ಪೆಟ್ರೋಲಿನಲ್ಲೇ ಇದೆ. ಪ್ರೀಮಿಯಂ ಅಂದ ಮಾತ್ರಕ್ಕೆ ಎಥನಾಲ್ ಇಲ್ಲ ಅಂತಲೂ ಅಲ್ಲ. ಅನುಮಾನ ಇದ್ದರೆ ಮನೆ ಅಂಗಳದಲ್ಲೇ ನೋಡಬಹುದು. ಕಾಲೇಜಿನ ಲ್ಯಾಬಿನಲ್ಲಿ ಇರುತ್ತಲ್ಲ, 100 ಮಿಲಿ ಗೆರೆ ಹಾಕಿದ ಗಾಜಿನ ಕೊಳವೆ, ಅದಕ್ಕೆ 10 ಮಿಲಿ ನೀರು ಹಾಕಿ, 100ರ ಗೆರೆವರೆಗೆ ಪೆಟ್ರೋಲ್ ತುಂಬಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರುತ್ತೆ, ನೀರಿನ ಮಟ್ಟ ಏರುತ್ತೆ. ನನ್ನದು 27ರ ಹತ್ತಿರ ನಿಂತಿತು. 90 ಮಿಲಿ ಪೆಟ್ರೋಲಿನಲ್ಲಿ ಹತ್ತಿರಹತ್ತಿರ 18 ಮಿಲಿ ಎಥನಾಲ್, ಲೆಕ್ಕ ಸರಿಹೋಯಿತು. ಭಾವಮೈದುನನ ಪ್ರೀಮಿಯಮ್ಮೂ ಅಲ್ಲೇ ನಿಂತಿತು, ಆತ ಮಾತ್ರ ಕೊಳವೆಯೇ ಸರಿಯಿಲ್ಲ ಅಂದ. ನೋಡಿದ ಮೇಲೆ ಆ ನೀರುಪೆಟ್ರೋಲನ್ನು ಮಿಷನ್ನಿಗೋ ಬೈಕಿಗೋ ಸುರಿಯಬೇಡಿ ಮತ್ತೆ.

ಇನ್ನು ಎಣ್ಣೆ ಬೆರೆಸುವ ವಿಷಯ. ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದೇ ಸೋಜಿಗ. 1961ರಿಂದ 1996ರವರೆಗೆ ನಮ್ಮ ಯಾದವಗಿರಿಯಲ್ಲೇ ಜಾವಾ, ಯೆಜ್ಡಿ ಅನ್ನುವ ಟೂ ಸ್ಟ್ರೋಕ್ ಬೈಕುಗಳು ತಯಾರಾಗುತ್ತಿದ್ದವು. ಆಯಿಲ್ ಹಾಕಿದ್ಯಾ ಅಂತ ಕೇಳದೆ ಅಪ್ಪ ಯೆಜ್ಡಿ ಕಿಕ್ ಹೊಡೆದದ್ದು ನಾನು ನೋಡಿಲ್ಲ. ಒಂದೇ ತಲೆಮಾರಿಗೆ ಅದು ಅಳಿಸಿಹೋಗಿದೆ. ಪಕ್ಕದ ತೋಟದ ಹುಡುಗ ಯಾರದೋ ಟೂ ಸ್ಟ್ರೋಕ್ ಮಿಷನ್ ಎರವಲು ತಂದು, ಬೈಕಿನಿಂದ ಬರೀ ಪೆಟ್ರೋಲ್ ಇಳಿಸಿ ಹಾಕಿ ಓಡಿಸಿದ. ಅರ್ಧ ಗಂಟೆಗೆ ಮಿಷನ್ ಕಿರ್ ಅಂದು ನಿಂತದ್ದು ಮತ್ತೆ ಏಳಲಿಲ್ಲ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಏನೂ ಬೆರೆಸಬಾರದು, ಅದರ ಆಯಿಲ್ ಬೇರೆ ಕಡೆ ಇರುತ್ತೆ. ಟೂ ಸ್ಟ್ರೋಕಿಗೆ ಕೈಪಿಡಿ 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಕೆಮ್ಮಿನ ಔಷಧದ ಅಳತೆ ಮುಚ್ಚಳ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಆಮೇಲೆ ಅದನ್ನು ಮತ್ತೆ ಔಷಧದ ಬಾಟಲಿಗೆ ಹಾಕದಿದ್ದರಾಯಿತು. ಟೂಟಿ ಆಯಿಲಿಗೆ ಹಸಿರೋ ನೀಲಿಯೋ ಬಣ್ಣ ಹಾಕಿರುವುದು ಚಂದಕ್ಕಲ್ಲ, ಬೆರೆಸಿದ್ದು ಯಾವುದು ಬರೀ ಪೆಟ್ರೋಲ್ ಯಾವುದು ಅಂತ ಕಣ್ಣಿಗೆ ಕಾಣಲಿ ಅಂತ. ಮಿಷನ್ನಿನ ಟ್ಯಾಂಕಿನಲ್ಲೇ ಬೆರೆಸುವವರಿದ್ದಾರೆ, ಅದು ಸರಿಯಾಗಿ ಸೇರುವುದಿಲ್ಲ. ಹೊರಗೆ ಬೆರೆಸಿ ಕುಲುಕಿ ಹಾಕಬೇಕು.

ಇಡುವ ಜಾಗದ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ನಮ್ಮ ಹಳ್ಳಿಯಲ್ಲಿ ಪೆಟ್ರೋಲ್ ಎಲ್ಲಿರುತ್ತೆ? ಒಂದು ಲೀಟರಿನ ನೀರಿನ ಬಾಟಲಿಯಲ್ಲಿ, ಬಚ್ಚಲುಮನೆ ಗೋಡೆ ಪಕ್ಕ. ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿರುತ್ತೆ! ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ತೆವಳಿಕೊಂಡು ಒಲೆ ಹುಡುಕಿಕೊಂಡು ಹೋಗುತ್ತೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸೋಕಿದರೆ ಹೊತ್ತುವ ವಸ್ತು ಅದು, ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಕೇಳಬೇಕೇ? ಅಲ್ಲದೆ ನೀರಿನ ಬಾಟಲಿಯನ್ನು ಕಂಡ ಮಗು ನೀರು ಅಂತಲೇ ಎತ್ತುತ್ತೆ.

ಕುತೂಹಲಕ್ಕೆ 1934ರ ಪೆಟ್ರೋಲಿಯಂ ಕಾಯ್ದೆ ತೆಗೆದು ಓದಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಲೈಸೆನ್ಸ್ ಬೇಡ ಅನ್ನುತ್ತೆ. ಆದರೆ ಇಡುವ ಪಾತ್ರೆ ಗಾಜು, ಜಾಡಿ ಅಥವಾ ಲೋಹದ್ದಾಗಿರಬೇಕು, ಬಿರಡೆ ಬಿಗಿಯಾಗಿರಬೇಕು. ಗಾಜು ಮತ್ತು ಜಾಡಿ ಒಂದು ಲೀಟರ್ ಮೀರಬಾರದು, ಲೋಹದ್ದು 25 ಲೀಟರ್ ಮೀರಬಾರದು. ಲೆಕ್ಕಕ್ಕೆ ಅಜ್ಜಿಯ ಸಣ್ಣ ಉಪ್ಪಿನಕಾಯಿ ಜಾಡಿಗೆ ಅನುಮತಿ ಇದೆ, ನಾವೆಲ್ಲ ಬಳಸುವ ಪ್ಲಾಸ್ಟಿಕ್ ಬಾಟಲಿಯ ಹೆಸರೇ ಆ ಸಾಲಿನಲ್ಲಿ ಇಲ್ಲ. ಬಂಕಿನ ಹುಡುಗ "ಬಾಟಲಿಗೆ ಹಾಕಲ್ಲ ಸಾರ್" ಅಂದಾಗ ಜಗಳ ಆಡಿದ್ದೆ. ಈಗ ನಾಚಿಕೆಯಾಗುತ್ತೆ.

ಬಾಟಲಿಗೆ ಹಾಕದಿದ್ದರೆ ಜನ ಏನು ಮಾಡುತ್ತಾರೆ ಅಂತಲೂ ಗೊತ್ತು. ಬೈಕಿಗೆ ತುಂಬಿಸಿ, ಪೈಪ್ ಇಟ್ಟು ಬಾಯಲ್ಲಿ ಎಳೆಯುತ್ತಾರೆ. ದಯವಿಟ್ಟು ಬೇಡ. ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಅಪಾಯ, ನ್ಯುಮೋನಿಯಾ ಆಗುತ್ತೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಬರುವಾಗ ಮತ್ತೆ ಶ್ವಾಸಕ್ಕೆ ಹೋಗುತ್ತೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಕೈಯಲ್ಲಿ ಹಿಂಡುವ ರಬ್ಬರ್ ಪಂಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ.

ಕೆಟ್ಟ ಪೆಟ್ರೋಲು ಏನು ಮಾಡೋದು ಅಂತ ಕೇಳಿದಾಗ ಒಬ್ಬರು ನಾಲೆಗೆ ಸುರಿ ಅಂದರು. ಆ ವಿಶ್ವೇಶ್ವರಯ್ಯ ನಾಲೆಯ ನೀರೇ ನಮ್ಮ ಗದ್ದೆಗೆ ಬರೋದು ಅನ್ನುವುದನ್ನು ಮರೆತು! ನೀರು ಸೇರಿದ್ದ ನನ್ನ ಪೆಟ್ರೋಲನ್ನು ಮೆಕ್ಯಾನಿಕ್ಕೇ ಇಟ್ಟುಕೊಂಡ, ಮೇಲಿನದ್ದು ಚೈನ್ ತೊಳೆಯೋಕೆ ಆಗುತ್ತೆ ಅಂತ.

ಈಗ ಬಾಕಿ ಉಳಿದಿರುವುದು ಡಬ್ಬದ ಪ್ರಶ್ನೆ. ಎರಡು ಮೂರು ಲೀಟರಿನ ಲೋಹದ ಕ್ಯಾನು, ತಿರುಗಿಸುವ ಬಿರಡೆ, ಒಳಗೆ ವಾಷರ್ ಇರಬೇಕು. ದೇವರಾಜ ಮಾರ್ಕೆಟ್ ಸುತ್ತಮುತ್ತ ಪಾತ್ರೆ ಅಂಗಡಿಗಳಲ್ಲೆಲ್ಲ ಕೇಳಿದೆ, ಸಿಕ್ಕಿದ್ದೆಲ್ಲ ಒತ್ತಿ ಮುಚ್ಚುವ ಎಣ್ಣೆ ಡಬ್ಬ, ಅಲುಗಾಡಿಸಿದರೆ ಸೋರುವಂಥದ್ದು. ಒಬ್ಬರಂತೂ ಹಾಲಿನ ಕ್ಯಾನು ತಂದು ಮುಂದಿಟ್ಟರು. ಮೈಸೂರಲ್ಲೋ ಮಂಡ್ಯದಲ್ಲೋ ಸರಿಯಾದದ್ದು ಎಲ್ಲಿ ಸಿಗುತ್ತೆ ಗೊತ್ತಿದ್ದವರು ಅಂಗಡಿ ಬೀದಿ ಹೇಳಿ, ಈ ಭಾನುವಾರದೊಳಗೆ ಬೇಕು.